ಅಳುವವರು ಮಲಗುವ ಮಂಚ

ತಮ್ಮಾ ಸಂಗಣ್ಣ,

ಸಣ್ಣವ್ವನ್ನ ಕರಕೊಂಡು ಬರಾಕ ಬಂಡಿ ಕಟ್ಟಿಕೊಂಡು ಕಮಲಾಪುರಕ್ಕ ಹೊಂಟೀನಿ. ನಾಡಿದ್ದು ಅವ್ವನ ವರ್ಷದ ಪೂಜಿ. ಎಡಿಗೆ ಅಲ್ಲಿಂದ ಕೆಂಪು ಬಾಳಿಹಣ್ಣೂ ತರ್ತೀನಿ. ನೀ ತಾಲೂಕದಾರರ ಕಚೇರಿಯಿಂದ ಬಂದ ಕೂಡ್ಲೆ ಪೂಜಿಗೆ ಬರ್ರಿ ಅಂತ ಅಯ್ಯನವರಿಗೆ ಹೇಳಿ ಬಾ.

ಅವ್ವನ ಮಂಚ ಅಟ್ಟದಿಂದ ಇಳಿಸಿ ಪಡಸಾಲ್ಯಾಗ ಹಾಕೀನಿ. ನೋಡಿದ್ರ ಅಳು ಬರ್ತದಂತ ತಿರುಗಿ ಏರಿಸಿದೆಂದ್ರ ನೋಡು ಮತ್ತ! ವರ್ಷಗಟ್ಲೆ ಬ್ಯಾನಿ ಬಿದ್ದು ಅದರ ಮ್ಯಾಗೇ ಇದ್ದಾಕಿ ಅಳಲಿಲ್ಲ, ನಿಂದೇನು? ಮಂಚದ ನವಾರ ಪಟ್ಟಿ ಸಡಿಲ ಆಗ್ಯಾದ, ಬಿಗಿ.

ಸಣ್ಣವ್ವ ಅಕ್ಕನ ಮಂಚ ನೋಡಿ ಹೊಸ್ತಿಲದಾಗೇ ಅಳಾಕ ಶುರು ಮಾಡ್ತಾಳ. ಅವ್ವನ ಕಾಯ್ದೆ ನೆನಪಿರ್ಲಿ: ನೋಡಾಕ ಬಂದವರು ಅತ್ರ, ಅವರೇ ಮಂಚದ ಮ್ಯಾಗ ಮಲಗಬೇಕು. ಅವ್ವ ಬಾಜೂಕ ಸರಿದು ಜಾಗ ಕೊಟ್ಟು, ಬೀಸಣಿಕಿ ಬೀಸಿಕೋತ, "ಭಾಳ ಸೊರಗೀದಿ ನನ್ನವ್ವಾ, ರೊಟ್ಟಿ ಸೇರ್ತದಿಲ್ಲೋ?" ಅಂತ ಕೇಳಾಕಿ. ಹಕೀಮಸಾಬರಿಗೂ ಬಿಡಲಿಲ್ಲಲ್ಲ! ಕಣ್ಣಾಗ ನೀರು ತಂದರಂತ ಮಲಗಿಸಿ, ನಾಡಿ ಹಿಡಿದು, ಅವರ ಕಹಿ ಕಷಾಯ ಅವರಿಗೇ ಕುಡಿಸಿ, "ಪಥ್ಯ ಮಾಡ್ರಿ, ಇಲ್ಲಂದ್ರ ನಾ ಕೈಬಿಡ್ತೀನಿ" ಅಂದ್ಳು. ಆ ಹಿರಿಯರು ನಕ್ಕು ನಕ್ಕು ಟೋಪಿ ಕೆಡವಿಕೊಂಡ್ರು.

ಸಣ್ಣವ್ವನ್ನೂ ಹಂಗೇ ಮಲಗಿಸೋದು. ಅವ್ವನಂಗ ಕೇಳೋ ಕೆಲಸ ನಿಂದು. ಬೀಸಣಿಕಿ ದಿಂಬಿನ ಕೆಳಗದ.

ಮಂಚ ಗಟ್ಟಿ ಅದ. ಇಳಿಸಿದ ಮ್ಯಾಲೆ ನಾನೇ ಒಂದು ಗಳಿಗಿ ಮಲಗಿ ನೋಡ್ದೆ. "ಸೊರಗೀದಿ" ಅನ್ನಾಕ ಯಾರೂ ಇರ್ಲಿಲ್ಲ.

ನಾ ಬಂದ ಕೂಡ್ಲೆ ಮೊದಲ ಪಾಳಿ ನಂದು. ಸಣ್ಣವ್ವಂದು ಆಮ್ಯಾಲೆ.

ನಿಮ್ಮಣ್ಣ,
ರೇವಣಸಿದ್ದ