ಶಾಹಿದಾಳಿಗೆ ಕೊಟ್ಟ ಟಿ.ಸಿ.

ಕೋಡಿಂಬಾಳ, ಕಡಬ
೧೮ ಆಗಸ್ಟ್ ೨೦೨೪, ಭಾನುವಾರ ಸಂಜೆ

ಪ್ರೀತಿಯ ಕೂಸೇ ಚಿನ್ಮಯೀ,

ಹೇಗಿದ್ದೀ? ರಾಯಚೂರಿನ ಬಿಸಿಲು ಈಗಲಾದರೂ ಸ್ವಲ್ಪ ಇಳಿಯಿತೇ? ಅಲ್ಲಿಯ ನೀರು ಹೊಟ್ಟೆಗೆ ಒಗ್ಗಿತೋ ಇಲ್ಲವೋ? ಕುದಿಸಿಯೇ ಕುಡಿ, ಶಾಲೆಗೂ ಕೋಣೆಯಿಂದಲೇ ಬಾಟಲಿ ಒಯ್ಯಿ. ಅಪ್ಪನ ಮೊಣಕಾಲು ನೋವು ಹಾಗೆಯೇ ಉಂಟು. ಮೆಟ್ಟಿಲು ಹತ್ತಬೇಡಿ ಎಂದು ಪುತ್ತೂರಿನ ಡಾಕ್ಟರು ಹೇಳಿದರೆ, ನಮ್ಮ ಅಟ್ಟಕ್ಕಿರುವುದು ಏಣಿ, ಮೆಟ್ಟಿಲಲ್ಲ ಎಂದು ವಾದ ಮಾಡಿ ಬಂದಿದ್ದಾರೆ. ಹಲಸಿನ ಹಪ್ಪಳ ತೆಗೆದಿಟ್ಟಿದ್ದೇನೆ, ಪಾರ್ಸೆಲ್ ಮಾಡುತ್ತೇನೆ. ನಿನ್ನ ಜೊತೆಯ ಟೀಚರಿಗೂ ಕೊಡು.

ಫೋನಿರುವಾಗ ಅಮ್ಮ ಕಾಗದ ಬರೆಯುವುದೇಕೆ ಎಂದು ನೀನು ಕೇಳಲಾರೆ, ನಿನಗೆ ಗೊತ್ತುಂಟು. ಮೇ ತಿಂಗಳಲ್ಲಿ ರಜೆ ಮುಗಿಯುವ ಮೊದಲೇ ಬ್ಯಾಗು ತುಂಬಿಸಿ ಹೋದವಳು ನೀನು. ಈಗ ಅಪ್ಪನ ಹತ್ತಿರ ಅರ್ಧ ಗಂಟೆ ಮಾತಾಡುತ್ತೀ. ‘ಅಮ್ಮನಿಗೆ ಕೊಡಲಾ?’ ಎಂದು ಅವರು ಕೇಳಿದ ಕೂಡಲೇ ನಿನ್ನ ಒಲೆಯ ಮೇಲೆ ಸಾರು ಉಕ್ಕುತ್ತದೆ. ನಾನು ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತೇನೆ. ನಿನ್ನ ಮೇಲೆ ಸಿಟ್ಟಿಲ್ಲ. ಅಂದು ಕಡಬದ ಬಸ್‌ಸ್ಟ್ಯಾಂಡಿನಲ್ಲಿ ಶಾಹಿದಾಳನ್ನು ಕಂಡು ಮನೆಗೆ ಬಂದು, ಚಪ್ಪಲಿ ಸಹ ಕಳಚದೆ ನೀನು ಕೇಳಿದ್ದು ಒಂದೇ ಮಾತು, ‘ಅವಳನ್ನು ಶಾಲೆ ಬಿಡಿಸಿದ್ದು ಯಾಕೆ?’ ನಾನು ‘ಅವಳ ಒಳ್ಳೆಯದಕ್ಕೇ ಮಾಡಿದ್ದು’ ಎಂದೆ. ‘ಯಾರ ಒಳ್ಳೆಯದಕ್ಕೆ ಅಮ್ಮಾ?’ ಎಂದು ಕೇಳಿ ಒಳಗೆ ಹೋದೆ. ಅಂದು ನಿನಗೆ ಉತ್ತರ ಕೊಡಲಿಲ್ಲ. ಈ ಕಾಗದ ಅದಕ್ಕೇ.

ನಡೆದದ್ದನ್ನು ನೇರವಾಗಿ ಹೇಳುತ್ತೇನೆ. ಮಾರ್ಚಿನಲ್ಲಿ ಶಾಲೆಯ ಆಡಳಿತ ಸಮಿತಿ ಕೂತಾಗ ಅಧ್ಯಕ್ಷ ಮಹಾಬಲರು ನನ್ನನ್ನು ಬದಿಗೆ ಕರೆದರು. ‘ಟೀಚರೇ, ಮುಂದಿನ ಸಲ ಹತ್ತನೆಯದ್ದು ನೂರಕ್ಕೆ ನೂರು ಆಗ್ಲೇಬೇಕು. ಆಚೆ ಇಂಗ್ಲಿಷ್ ಮೀಡಿಯಂನವರು ರಿಸಲ್ಟಿನ ಬ್ಯಾನರ್ ಕಟ್ಟಿ ಮಕ್ಕಳನ್ನೆಲ್ಲ ಎಳಿತಾ ಇದ್ದಾರೆ. ಎಂಟನೆಗೆ ಮಕ್ಕಳು ಸಿಕ್ಕದಿದ್ರೆ ಶಾಲೆ ಮುಚ್ಚುದೇ. ಆಗದ ಮಕ್ಕಳನ್ನು ಈಗಲೇ ಬೇರೆ ಕಡೆ ಕಳಿಸುದು ಒಳ್ಳೆದಲ್ವಾ?’ ಎಂದರು. ಅವರು ದುಷ್ಟರಲ್ಲ, ಅದು ನಿನಗೂ ಗೊತ್ತು. ಈ ಶಾಲೆ ಉಳಿಯಲಿ ಎಂದು ಮನೆಮನೆ ಅಲೆದವರು. ಇಲ್ಲಿ ಕನ್ನಡದಲ್ಲಿ ಕಲಿಯುವ ಬಡಮಕ್ಕಳಿಗೆ ಬೇರೆ ಶಾಲೆ ಹತ್ತಿರದಲ್ಲಿಲ್ಲ ಎಂಬುದೂ ನಿಜ. ಅವರ ಮಾತು ಕೇಳುವಾಗ ನನಗೆ ತಪ್ಪು ಎನಿಸಲಿಲ್ಲ. ಮುಖ್ಯೋಪಾಧ್ಯಾಯಿನಿಯ ಕುರ್ಚಿಯಲ್ಲಿ ಕೂತವಳು ಶಾಲೆಯನ್ನು ಉಳಿಸಬೇಕಲ್ಲ ಎಂದುಕೊಂಡೆ.

ಒಂಬತ್ತನೆಯಲ್ಲಿದ್ದ ಶಾಹಿದಾಳ ತಾಯಿ ಆಯಿಶಾರನ್ನು ಇಚಿಲಂಪಾಡಿಯಿಂದ ಕರೆಸಿದೆ. ಬೀಡಿ ಕಟ್ಟುವ ಕೆಲಸ ಬಿಟ್ಟು, ಒಳ್ಳೆಯ ಸೀರೆ ಉಟ್ಟು, ಮಗಳ ಜೊತೆ ಬಂದಿದ್ದರು. ಗಣಿತ ತೀರಾ ಹಿಂದೆ, ಹತ್ತನೆಯಲ್ಲಿ ಫೇಲಾದರೆ ಮಗುವಿನ ಮನಸ್ಸಿಗೆ ಪೆಟ್ಟು, ಟೈಲರಿಂಗ್ ಕಲಿತರೆ ಕೈಗೊಂದು ಕೆಲಸವಾದರೂ ಇರುತ್ತದೆ ಎಂದೆಲ್ಲ ಮೆತ್ತಗೆ ಹೇಳಿದೆ. ನನ್ನ ದನಿ ಎಷ್ಟು ಮೆತ್ತಗಿತ್ತೆಂದರೆ ನನಗೇ ಇಷ್ಟವಾಯಿತು. ಆಯಿಶಾ ಮಗಳ ಮುಖ ನೋಡಿದರು, ನನ್ನ ಮುಖ ನೋಡಿದರು. ‘ಟೀಚರ್ ಹೇಳಿದ ಮೇಲೆ ಮುಗೀತು. ನಮಗೆಂತ ಗೊತ್ತುಂಟು’ ಎಂದರು. ಟಿ.ಸಿ.ಗೆ ಸಹಿ ಮಾಡಿ ಕೊಟ್ಟೆ. ಶಾಹಿದಾ ಹೋಗುವಾಗ ನನ್ನ ಕಾಲು ಮುಟ್ಟಲು ಬಗ್ಗಿದಳು. ನಾನು ತಡೆದು ತಲೆ ಸವರಿದೆ. ಆ ಕೈಯನ್ನು ಈಗ ಎಲ್ಲಿಡಬೇಕೆಂದು ತಿಳಿಯುವುದಿಲ್ಲ.

ಅವಳಲ್ಲಿ ಏನೋ ಒಂದು ಪ್ರತಿಭೆ ಅಡಗಿತ್ತು, ನಾನು ಗುರುತಿಸಲಿಲ್ಲ ಎಂದು ಬರೆದರೆ ನನ್ನ ತಪ್ಪಿಗೂ ಒಂದು ಚಂದ ಬರುತ್ತಿತ್ತು. ಅಂಥದ್ದೇನೂ ಇಲ್ಲ. ಹಾಡುವವಳಲ್ಲ, ಓಡುವವಳಲ್ಲ, ಚಿತ್ರವೂ ಬಾರದು. ಹಿಂದಿನ ಬೆಂಚಿನಲ್ಲಿ ಕೂತು ಗೆಳತಿಯರ ಜೊತೆ ನಗುತ್ತಿದ್ದ ಸಾಧಾರಣ ಹುಡುಗಿ. ಶಾಲೆಯಲ್ಲಿ ಕೂರುವ ಹಕ್ಕಿಗೆ ಅಷ್ಟು ಸಾಕಾಗಿತ್ತು. ಇನ್ನೊಂದನ್ನೂ ಮುಚ್ಚಿಡುವುದಿಲ್ಲ. ಅದೇ ತರಗತಿಯ, ಮಹಾಬಲರ ತಂಗಿಯ ಮಗನೂ ಗಣಿತದಲ್ಲಿ ಅವಳಷ್ಟೇ ಹಿಂದೆ. ಅವನ ತಾಯಿಯನ್ನು ಕರೆಸಬೇಕೆಂಬ ಯೋಚನೆ ಸಹ ನನಗೆ ಬಂದಿರಲಿಲ್ಲ. ಅದು ಹೊಳೆದದ್ದು ನೀನು ಕೇಳಿದ ಮೇಲೆ, ಒಂದು ಬೆಳಿಗ್ಗೆ ಹಾಜರಿ ಕರೆಯುವಾಗ. ಅವನ ಹೆಸರು ಕರೆದು ಅಲ್ಲಿಗೇ ನಿಂತುಬಿಟ್ಟೆ. ಮಕ್ಕಳು ನನ್ನ ಮುಖ ನೋಡಿದರು.

ಇಷ್ಟಾದರೂ ನಾನು ಬಾಯಿ ತೆರೆಯಲಿಲ್ಲ. ನೀನು ಪುತ್ತೂರಿನಲ್ಲಿ ಟೀಚರ್ ಟ್ರೇನಿಂಗ್ ಮಾಡುವಾಗ ನಾವಿಬ್ಬರೂ ಸೇರಿ ಸುರುಮಾಡಿದ ಭಾನುವಾರದ ಮಾತುಕತೆ ಈಗಲೂ ತಿಂಗಳಿಗೊಮ್ಮೆ ಶಾಲೆಯ ಹಾಲ್‌ನಲ್ಲಿ ನಡೆಯುತ್ತದೆ. ಒಳ್ಳೆಯ ನಡತೆಯನ್ನು ಕಲಿಸಲು ಸಾಧ್ಯವೇ ಎಂಬ ಮೊದಲ ಪ್ರಶ್ನೆ ನಿನ್ನದೇ. ‘ಪಾಠ ಮಾಡಿ ಕಲಿಸ್ಲಿಕ್ಕೆ ಆಗುದಿಲ್ಲ. ನಾವು ಮಾಡುದನ್ನು ಮಕ್ಕಳು ನೋಡ್ತಾ ಇರ್ತಾರೆ, ಅಷ್ಟೇ’ ಎಂದು ನೀನು ಹೇಳಿದಾಗ ಅಡಿಕೆ ತೋಟದ ದೇರಣ್ಣ, ಹಾಗಾದರೆ ಮಾಸ್ತರುಗಳಿಗೆ ಸಂಬಳ ಯಾಕೆ ಎಂದು ಜಗಳಕ್ಕೇ ಬಂದಿದ್ದರು. ಎಷ್ಟು ನಕ್ಕಿದ್ದೆವು! ಜುಲೈಯ ಮಾತುಕತೆಗೆ ‘ಶಾಲೆ ಯಾರದು?’ ಎಂಬ ವಿಷಯ ಇಟ್ಟವಳು ನಾನೇ. ಯಾಕೆ ಇಟ್ಟೆನೋ! ಯಾರಾದರೂ ನನ್ನನ್ನು ಹಿಡಿಯಲಿ ಎಂದೋ, ಅಥವಾ ಯಾರೂ ಹಿಡಿಯುವುದಿಲ್ಲ ಎಂಬ ಧೈರ್ಯದಿಂದಲೋ.

ಅಂದು ದೇರಣ್ಣ, ‘ಶಾಲೆ ಊರಿದ್ದು ಮಾರಾಯ್ರೆ. ಊರಿನ ಹೆಸರು ಉಳಿಸುದು ಮಕ್ಕಳ ಕರ್ತವ್ಯ’ ಎಂದರು. ಅಂಗನವಾಡಿಯ ಶರ್ಮಿಳಾ ಸುಮ್ಮನಿರಲಿಲ್ಲ. ‘ಕಲಿಲಿಕ್ಕೆ ಕಷ್ಟ ಆಗುವ ಮಗು ಊರಿದ್ದಲ್ವಾ ಹಾಗಾದ್ರೆ? ಡಾಕ್ಟರು ಗಟ್ಟಿಮುಟ್ಟು ಇದ್ದವರನ್ನು ಮಾತ್ರ ನೋಡಿದ್ರೆ ಆಗ್ತದಾ?’ ಎಂದಳು. ಆಗ ಹಿಂದಿನ ಸಾಲಿನಿಂದ ಆಯಿಶಾ ಎದ್ದು ನಿಂತರು. ಅವರು ಬಂದದ್ದನ್ನು ನಾನು ನೋಡಿಯೇ ಇರಲಿಲ್ಲ. ‘ನನಗೆ ಮಾತಾಡಿ ಅಭ್ಯಾಸ ಇಲ್ಲ’ ಎಂದು ಸುರುಮಾಡಿ, ನನ್ನ ಕಡೆ ಕೈ ತೋರಿಸಿದರು. ‘ನಮ್ಮ ಶಾಹಿದಾಳಿಗೆ ಆಗುದಿಲ್ಲ ಅಂತ ದೇವಕಿ ಟೀಚರ್ ಮೊದಲೇ ಹೇಳಿದ್ರು. ಬೇರೆಯವರಾದ್ರೆ ಫೇಲಾಗಿ ನಾಚಿಕೆ ಆಗುವವರೆಗೆ ಸುಮ್ಮನೆ ಇರ್ತಿದ್ರು. ಮಗುವಿನ ಬಗ್ಗೆ ಇಷ್ಟು ಯೋಚನೆ ಮಾಡುವ ಟೀಚರ್ ಇದ್ರೆ ಶಾಲೆ ನಮ್ಮದೇ.’ ಜನ ಚಪ್ಪಾಳೆ ತಟ್ಟಿದರು. ಮಹಾಬಲರು ಎಲ್ಲರಿಗಿಂತ ಜೋರಾಗಿ ತಟ್ಟಿದರು. ನಾನು ಎದ್ದು ನಿಂತು ಏನು ಮಾಡಿದೆ ಗೊತ್ತೇ? ‘ಒಳ್ಳೆಯ ಮಾತು ಹೇಳಿದಿರಿ’ ಎಂದು ಕೈ ಮುಗಿದೆ. ಮಾರ್ಚಿನಲ್ಲಿ ಮಾಡಿದ್ದಕ್ಕಿಂತ ನನಗೆ ಹೆಚ್ಚು ನಾಚಿಕೆಯಾಗುವುದು ಆ ಕೈ ಮುಗಿದದ್ದಕ್ಕೆ.

ಮರುದಿನ ಶಾಲೆಯಿಂದ ನೇರವಾಗಿ ಇಚಿಲಂಪಾಡಿಗೆ ಹೋದೆ. ಆಯಿಶಾ ಜಗಲಿಯಲ್ಲಿ ಮೊರ ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದರು. ಟೀಚರ್ ಮನೆಗೆ ಬಂದರೆಂದು ಸಂಭ್ರಮದಿಂದ ಎದ್ದರು, ಒಳಗಿನಿಂದ ಕುರ್ಚಿ ತಂದರು. ನಾನು ಕೂರಲಿಲ್ಲ. ನಿಂತಲ್ಲೇ, ‘ಶಾಹಿದಾಳ ಒಳ್ಳೆಯದಕ್ಕಲ್ಲ ನಾನು ಹೇಳಿದ್ದು. ಶಾಲೆಯ ರಿಸಲ್ಟಿಗೆ ಹೇಳಿದ್ದು’ ಎಂದೆ. ಅವರಿಗೆ ಮೊದಲು ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು. ಎರಡನೆಯ ಸಲ ಹೇಳುವುದು ಹೆಚ್ಚು ಕಷ್ಟ, ಕೂಸೇ. ಆಮೇಲೆ ಅವರು ಕೇಳಿದರು, ‘ಹಾಗಾದ್ರೆ ಅವಳಿಗೆ ಆಗ್ತಿತ್ತಾ ಟೀಚರ್?’ ಆಗುತ್ತಿತ್ತು ಎನ್ನಲೂ ನನಗೆ ಆಧಾರವಿರಲಿಲ್ಲ, ಆಗುತ್ತಿರಲಿಲ್ಲ ಎನ್ನಲೂ ಇರಲಿಲ್ಲ. ‘ಗೊತ್ತಿಲ್ಲ. ನಾನು ನೋಡಲೇ ಇಲ್ಲ’ ಎಂದೆ.

ಅವರು ಕೂಗಾಡಿದ್ದರೆ ಹಗುರವಾಗುತ್ತಿತ್ತು. ಕುರ್ಚಿಯ ಬೆನ್ನು ಹಿಡಿದು ನಿಂತು, ತಗ್ಗಿದ ದನಿಯಲ್ಲಿ, ‘ಎಪ್ರಿಲಿಂದ ನಾನು ಅವಳಿಗೆ ದಡ್ಡಿ ದಡ್ಡಿ ಅಂತ ಬೈತಾ ಇದ್ದೇನೆ. ನನ್ನ ಮಗಳು ದಡ್ಡಿ ಅಂತ ನಂಬಿದ್ದು ನಿಮ್ಮ ಬಾಯಿಂದ ಕೇಳಿ’ ಎಂದರು. ಬಾಗಿಲ ಹಿಂದೆ ಶಾಹಿದಾ ನಿಂತಿದ್ದಳು. ನಾಳೆಯೇ ಶಾಲೆಗೆ ಬಾ, ನಿನ್ನ ಜಾಗ ಹಾಗೇ ಉಂಟು ಎಂದು ಕರೆದೆ. ಅವಳು ನನ್ನ ಮುಖ ನೋಡಲಿಲ್ಲ. ‘ಕಲೀತೇನೆ ಟೀಚರ್. ಆ ಶಾಲೆಗೆ ಮಾತ್ರ ಬರುದಿಲ್ಲ’ ಎಂದಳು. ಅವಳು ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ತಾಯಿ ಗದರಿಸಲು ಹೋದರು. ಬೇಡ ಎಂದೆ.

ದೂರದ ಸರಕಾರಿ ಹೈಸ್ಕೂಲಿಗೆ ಸೇರಿಸಲು ಹೊತ್ತು ಮೀರಿತ್ತು. ಪುತ್ತೂರಿಗೆ ಹೋಗಿ ಶಿಕ್ಷಣಾಧಿಕಾರಿಗಳ ಅನುಮತಿ ಕೇಳಿದೆ. ತಡ ಯಾಕೆ ಎಂದು ಅವರು ಕೇಳಿದಾಗ, ಅನಾರೋಗ್ಯ ಎಂದು ಹೇಳಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ‘ರಿಸಲ್ಟಿನ ಆಸೆಗೆ ನಾನೇ ಕಳಿಸಿದ್ದು’ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಅನುಮತಿ ಸಿಕ್ಕಿತು. ಶಾಹಿದಾ ಈಗ ಬಸ್ಸಿನಲ್ಲಿ ಹೋಗಿಬರುತ್ತಿದ್ದಾಳೆ. ಪಾಸಾಗುತ್ತಾಳೋ ಇಲ್ಲವೋ ಹೇಳಲಾರೆ. ಸುದ್ದಿ ಮಾತ್ರ ನನಗಿಂತ ಮೊದಲೇ ಊರಿಗೆ ತಲುಪಿತು. ಮಹಾಬಲರು ಮನೆಗೆ ಬಂದರು, ಅಪ್ಪ ಕೊಟ್ಟ ಚಾ ಕುಡಿಯಲಿಲ್ಲ. ‘ಶಾಲೆಯ ಮಾನ ನೀವೇ ಪೇಟೆಗೆ ಕೊಂಡೋಗಿ ಇಟ್ಟಿರಿ. ಮುಂದಿನ ವರ್ಷ ಮಕ್ಕಳು ಬಾರದಿದ್ರೆ ಉಳಿದವರಿಗೆ ಎಂತ ಹೇಳುದು ಟೀಚರೇ?’ ಎಂದು ಕೇಳಿದರು. ಅವರ ಕಣ್ಣಲ್ಲಿ ನೀರಿತ್ತು. ಸರಿ ಮಾಡಿದವಳಿಗೆ ಮನಸ್ಸು ಹಗುರವಾಗುತ್ತದೆ ಎಂದು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೆ! ನನಗೆ ಹಾಗೇನೂ ಆಗಲಿಲ್ಲ. ಮೊದಲು ಒಂದು ಮಗುವಿನ ಮುಖ ಕಣ್ಣ ಮುಂದೆ ಬರುತ್ತಿತ್ತು, ಈಗ ಇಡೀ ಶಾಲೆಯ ಮಕ್ಕಳು ಬರುತ್ತಾರೆ. ಮುಖ್ಯೋಪಾಧ್ಯಾಯಿನಿಯ ಕುರ್ಚಿಯಲ್ಲಿ ನಾಳೆಯಿಂದ ಬೇರೆಯವರು ಕೂರುತ್ತಾರೆ. ನಾನು ಕನ್ನಡ ಪಾಠ ಮಾಡಿಕೊಂಡಿದ್ದರೆ ಸಾಕು ಎಂದು ಸಮಿತಿ ತಿಳಿಸಿದೆ. ಅದಕ್ಕೆ ಬೇಸರವಿಲ್ಲ.

ಇವತ್ತು ಮಧ್ಯಾಹ್ನ ಮಾತುಕತೆಯಿತ್ತು. ಮಹಾಬಲರು ಬಂದಿರಲಿಲ್ಲ. ಆಯಿಶಾರನ್ನು ಮೊದಲೇ ಕೇಳಿ, ಅವರು ಒಪ್ಪಿದ ಮೇಲೆ, ನಾನು ಎಲ್ಲರೆದುರು ನಡೆದದ್ದನ್ನು ಹೇಳಿದೆ. ದೇರಣ್ಣ, ‘ಅದನ್ನು ಇಲ್ಲಿ ಹೇಳ್ಬೇಕಿತ್ತಾ ಟೀಚರೇ? ಅವರ ಮನೆಯಲ್ಲಿ ಹೇಳಿದ್ರೆ ಸಾಕಿತ್ತಲ್ಲ’ ಎಂದು ಗೊಣಗಿದರು. ಶರ್ಮಿಳಾ ಅವರ ಕಡೆ ತಿರುಗಿ, ‘ಚಪ್ಪಾಳೆ ತಟ್ಟಿದ್ದು ಇಲ್ಲಿಯೇ ಅಲ್ವಾ ದೇರಣ್ಣ?’ ಎಂದಳು. ಎಲ್ಲರೂ ಚಪ್ಪಲಿ ಹುಡುಕಿಕೊಂಡು ಹೊರಟರು. ಮುಂದಿನ ತಿಂಗಳು ಯಾರಾದರೂ ಬರುತ್ತಾರೋ, ಕುರ್ಚಿಗಳೆದುರು ನಾನೊಬ್ಬಳೇ ಮಾತಾಡಬೇಕೋ ನೋಡಬೇಕು.

ಸಾರು ಉಕ್ಕುವುದು ನಿಂತ ಮೇಲೆ ಒಂದು ದಿನ ಫೋನು ಮಾಡು. ನಿನ್ನ ಶಾಲೆಯ ಮಕ್ಕಳ ಹೆಸರು ಒಂದೊಂದಾಗಿ ಹೇಳು, ಹಿಂದಿನ ಬೆಂಚಿನವರದ್ದೂ. ಅಪ್ಪ ನೆನಪು ಹೇಳಿದ್ದಾರೆ. ಅವರಿಗೆ ಇವೆಲ್ಲ ಗೊತ್ತು. ಈ ವಾರವೆಲ್ಲ ಬೆಳಗಿನ ದೋಸೆ ಅವರೇ ಹೊಯ್ಯುತ್ತಿದ್ದಾರೆ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ನಿನ್ನ ಕೈಯಲ್ಲಿ ಕಲಿಯುವವರನ್ನೂ.

ನಿನ್ನ
ಅಮ್ಮ

ತಾ.ಕ.: ಲಕೋಟೆ ಅಂಟಿಸಿದ್ದನ್ನು ಪುನಃ ಬಿಡಿಸಿ ಬರೆಯುತ್ತಿದ್ದೇನೆ. ಶಾಹಿದಾ ಒಬ್ಬಳೇ ಅಲ್ಲ, ಕೂಸೇ. ಅದರ ಹಿಂದಿನ ವರ್ಷ ರೂಪೇಶನನ್ನೂ ಹೀಗೆಯೇ ಕಳುಹಿಸಿದ್ದೆ. ಅವನನ್ನು ಕಳುಹಿಸಿಯೂ ನೂರಕ್ಕೆ ನೂರು ಬರಲಿಲ್ಲ. ಈಗ ಸುಳ್ಯದಲ್ಲಿ ಟಯರ್ ಅಂಗಡಿಯಲ್ಲಿದ್ದಾನಂತೆ. ಮೊನ್ನೆ ಕಡಬದಲ್ಲಿ ಬಸ್ಸಿನಿಂದ ಇಳಿಯುತ್ತಾ ನನ್ನನ್ನು ಕಂಡು, ಎಣ್ಣೆಕೈ ಬೆನ್ನ ಹಿಂದೆ ಅಡಗಿಸಿ, ‘ನಮಸ್ತೆ ಟೀಚರ್’ ಎಂದು ನಕ್ಕ. ನಾನೂ ನಕ್ಕು ಬಂದುಬಿಟ್ಟೆ. ಚೌತಿ ರಜೆಗೆ ನೀನು ಬಾ. ಅವನ ಮನೆಗೆ ಹೋಗಲು ನನಗೊಬ್ಬಳಿಗೇ ಧೈರ್ಯ ಸಾಲುವುದಿಲ್ಲ.