ಅವ್ವನ ಪತ್ರಿ ಗಿಡ

ಸಂಪಗಾಂವ
೧೨ ಜುಲೈ ೨೦೨೪, ಶುಕ್ರವಾರ

ಮಡಿವಾಳೆಪ್ಪನಿಗೆ,

ತಮ್ಮ ಎಂದು ಬರೆಯಲು ಕೈ ಬರುತ್ತಿಲ್ಲ. ಫೋನಿನಲ್ಲಿ ನಿನ್ನ ದನಿ ಕೇಳುವುದು ಬೇಡವೆಂದೇ ಈ ಕಾಗದ.

ಹೊಲದಲ್ಲಿ ಅವ್ವನ ಗದ್ದುಗೆಯ ಬಿಲ್ವಪತ್ರಿ ಗಿಡ ಸಾಯುತ್ತಿದೆ. ಎಲೆಯ ಅಂಚು ಸುಟ್ಟು ಕಂದು ಬಣ್ಣಕ್ಕೆ ತಿರುಗಿದೆ. ಬುಡದಲ್ಲಿ ತೇವವಿದ್ದರೂ ತುದಿ ಬಾಡಿ ಜೋತುಬಿದ್ದಿದೆ. ಎಣ್ಣೆ ಡಬ್ಬಿಯಲ್ಲಿ ಅವಳೇ ಬೀಜ ಊರಿ ಎಬ್ಬಿಸಿದ ಗಿಡ ಅದು. "ನನ್ನ ಮಣ್ಣು ಮಾಡಿದ ಮ್ಯಾಲೆ ಇದನ್ನ ತೆಲಿಕಡೆ ಹಚ್ರಿ" ಎಂದು ನಮ್ಮಿಬ್ಬರಿಗೂ ಹೇಳಿದ್ದಳು, ಹಾಗೇ ನೆಟ್ಟೆವು. ನಮ್ಮನ್ನು ಬಿಟ್ಟರೆ ಅವಳು ಬೆಳೆಸಿದ್ದರಲ್ಲಿ ಉಳಿದಿರುವುದು ಅದೊಂದೇ.

ಭಾನುವಾರ ಬೈಲಹೊಂಗಲದಿಂದ ಗಾಡಿ ಮೇಲೆ ಬಂದು ಯೂರಿಯಾ ಸುರಿದು ಹೋದೆ. ಮೇಲೆ ಫೋನಿನಲ್ಲಿ ಜಂಬ ಬೇರೆ: "ಮೂರು ಬೊಗಸಿ ಸರಕಾರಿ ಗೊಬ್ಬರ ಹಾಕೇನಿ ಅಕ್ಕಾ, ಈಗ ನೋಡ ಹೆಂಗ ಏಳತೈತಿ." ಯಾಕೆ ಹಾಕಿದೆಯೆಂದು ನನಗೆ ಗೊತ್ತು. ಸೋದರತ್ತೆ ಬಾಯವ್ವ ಎಲ್ಲರೆದುರು "ವರ್ಷ ಆಗಾಕ ಬಂತು, ಗಿಡಾ ಮೊಳದುದ್ದ ಸೈತ ಆಗಿಲ್ಲ. ನೋಡೂ ಮಕ್ಕಳಿಲ್ಲೇನು ಆಕಿಗೆ" ಎಂದಳಲ್ಲ, ಅದಕ್ಕೆ. ವರ್ಷದ ಪೂಜೆಗೆ ಬರುವ ಬೀಗರ ಮುಂದೆ ನಿನ್ನ ಮರ್ಯಾದೆ ಹಸಿರಾಗಿ ಕಾಣಬೇಕಿತ್ತು. ಇದ್ದಾಗ ಅವಳಿಗೊಂದು ತಂಬಿಗೆ ನೀರು ಕೊಡದವನು ಸತ್ತ ಮೇಲೆ ಬೊಗಸೆಗಟ್ಟಲೆ ಉಣಿಸಲು ಬಂದೆ.

ಗಿಡ ಉಣ್ಣುವುದಿಲ್ಲವೋ ಮೂರ್ಖ, ಕುಡಿಯುತ್ತದೆ. ಗೊಬ್ಬರ ನೀರಿನಲ್ಲಿ ಕರಗಿದರೆ ಮಾತ್ರ ಎಳೆ ಬೇರು ಅದನ್ನು ಹೀರುತ್ತದೆ. ಅತಿಯಾದರೆ ಆ ಗೊಬ್ಬರದ ಉಪ್ಪೇ ಬೇರಿನೊಳಗಿನ ನೀರನ್ನು ಹೊರಗೆ ಎಳೆಯುತ್ತದೆ. ಅವ್ವ ಉಪ್ಪಿನಕಾಯಿ ಹಾಕುವಾಗ ಉಪ್ಪು ಸವರಿದ ಮಾವಿನ ಹೋಳು ನೀರು ಬಿಡುತ್ತಿದ್ದುದನ್ನು ನೀನು ನೋಡಿಲ್ಲವೇ? ಹಾಗೇ ಇದೂ. ಹಸಿ ಮಣ್ಣಿನಲ್ಲಿ ನಿಂತು ನೀರಡಿಸಿ ಒಣಗುತ್ತಿದೆ.

ಮೂರು ದಿನದಿಂದ ಕೊಡಗಟ್ಟಲೆ ನೀರು ಹೊತ್ತು ಹಾಕಿ ಆ ಉಪ್ಪನ್ನು ಬೇರಿನಿಂದ ಕೆಳಗಿಳಿಸಲು ನೋಡುತ್ತಿದ್ದೇನೆ. ಉಳಿದರೆ ಅವ್ವನ ಪುಣ್ಯ. ನೀನು ಮಾತ್ರ ಹೊಲದ ಕಡೆ ಹಾಯಬೇಡ, ವರ್ಷದ ಪೂಜೆಗೂ ಬರಬೇಡ. ಯಾರಾದರೂ ಕೇಳಿದರೆ ಗಿಡ ಕೊಂದವನು ನೀನೇ ಎಂದು ಹೇಳುತ್ತೇನೆ.

ಇಂತಿ, ಇನ್ನು ಮೇಲೆ ನಿನಗೆ ಏನೂ ಅಲ್ಲದ
ಮಹಾನಂದಾ

ತಾ.ಕ.: ಮಡಚಿದ ಕಾಗದ ಮತ್ತೆ ಬಿಚ್ಚಿದ್ದೇನೆ. ಬಾಯವ್ವನ ಮಾತು ನನಗೂ ಚುಚ್ಚಿತ್ತು. ನೀನು ಬರುವ ಹಿಂದಿನ ದಿನ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ನಾನೂ ಅದೇ ಯೂರಿಯಾ ಎರಡು ಬೊಗಸೆ ಹಾಕಿದ್ದೆ. ನೀನು ಫೋನಿನಲ್ಲಿ ಹೇಳಿದಾಗಲೇ ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ನೀರು ಹೊತ್ತು ಹೊತ್ತು ಸೊಂಟ ಹೋಗಿದೆ. ಬರುವಾಗ ನಿನ್ನ ಕೊಡ ನೀನೇ ತಾ.