ಸನ್ನದು ನನ್ನ ಗಂಡನಿಗೆ, ವಾದ ನನ್ನದು

ನಮ್ಮ ಕೌಂಟಿ ನ್ಯಾಯಾಲಯದ ಮಾನ್ಯ ನ್ಯಾಯಾಧೀಶರೇ,

ನನ್ನ ಗಂಡನಿಗೆ ವಕೀಲಿ ಸನ್ನದು ಕೊಟ್ಟು ನನಗೆ ಕೊಡದಿರುವ ತಮ್ಮ ನಿರ್ಧಾರದ ವಿರುದ್ಧ ಈ ಪತ್ರ. ಪತ್ರಿಕೆಯಲ್ಲೇ ಅಚ್ಚು ಹಾಕಿಸುತ್ತಿದ್ದೇನೆ. ಹಿಂದಿನ ಮೂರು ಅರ್ಜಿಗಳು ತಮ್ಮ ಮೇಜಿನ ಕುಂಟುಕಾಲಿಗೆ ಆಸರೆಯಾಗಿವೆ ಎಂದು ಕೇಳಿದ್ದೇನೆ.

ನಾನು ನಾಲ್ಕು ವರ್ಷ ಕಾನೂನು ಓದಿದವಳು. ನನ್ನ ಗಂಡ ಆಂಬ್ರೋಸ್ ಪ್ರೂಯಿಟ್ ಇಪ್ಪತ್ತು ವರ್ಷದಿಂದ ಬ್ರೆಡ್ಡು ಬೇಯಿಸುವವರು. ಕಾನೂನಿನ ಪುಸ್ತಕವನ್ನು ಅವರು ಕೈಗೆತ್ತಿಕೊಂಡದ್ದು ಜಿರಲೆ ಹೊಡೆಯಲು ಮಾತ್ರ. ಆದರೆ ನಮ್ಮ ಇಂಡಿಯಾನಾ ರಾಜ್ಯದ ಸಂವಿಧಾನದ ಔದಾರ್ಯ ನೋಡಿ: ಸನ್ನಡತೆಯಿದ್ದು ಮತದಾರನಾಗಿದ್ದರೆ ಸಾಕು, ಯಾರು ಬೇಕಾದರೂ ವಕೀಲರಾಗಬಹುದು. ಓದು ಬೇಡ, ಪರೀಕ್ಷೆ ಬೇಡ. ಹೆಣ್ಣಿಗೆ ಮತವಿಲ್ಲ, ಆದ್ದರಿಂದ ನನಗೆ ಸನ್ನದಿಲ್ಲ. ಆಹಾ, ಎಂಥ ಜಾಣತನ!

ವಿಧವೆ ಡ್ರುಸಿಲ್ಲಾಳ ಆರು ವರ್ಷದ ಮಗಳು ಫೀಬಿಯನ್ನು ತನ್ನ ಸುಪರ್ದಿಗೆ ಕೊಡಬೇಕೆಂದು ಅವಳ ಮೈದುನ ದಾವೆ ಹೂಡಿದ. ಅವನು ಮರದ ಮಿಲ್ಲಿನ ಧಣಿ. ಊರಿನ ವಕೀಲರೆಲ್ಲ ಅವನ ಕಡೆಯೇ. ಡ್ರುಸಿಲ್ಲಾ ನಮ್ಮ ಬೇಕರಿಗೆ ಬಂದು ಹಿಟ್ಟಿನ ಮೇಜಿನೆದುರು ಕುಳಿತು ಅತ್ತಳು. ನಾನು ಗಂಡನ ಏಪ್ರನ್ ಬಿಚ್ಚಿ, ಕೋಟು ತೊಡಿಸಿ, ತಮ್ಮೆದುರು ತಂದು ನಿಲ್ಲಿಸಿದೆ. ಕಾಲು ಗಂಟೆಯಲ್ಲಿ ಅವರು ವಕೀಲರಾದರು! ಸ್ವಾಮಿ, ಒಂದು ಬ್ರೆಡ್ಡು ಬೇಯುವುದಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

"ಲೊವೀಸಾ, ನಂಗೆ ಕಾನೂನಿನ ಒಂದಕ್ಷರಾನೂ ಗೊತ್ತಿಲ್ಲ ಕಣೇ," ಎಂದರು.

"ನಾನು ಹಿಂದೆ ಕೂತು ಹೇಳಿಕೊಡ್ತೀನಿ. ನೀವು ಗಿಣಿ ಥರ ಒಪ್ಪಿಸಿ, ಸಾಕು."

ಒಪ್ಪಿಸಿದರು, ಅಕ್ಷರಕ್ಕಕ್ಷರ. ತಾಯಿ ಬದುಕಿರುವಾಗ ಮಗುವನ್ನು ಮಂಚ-ಕುರ್ಚಿಯಂತೆ ಪಾಲು ಹಾಕಲಾಗದು ಎಂದು ನಾನು ಪಿಸುಗುಟ್ಟಿದ್ದನ್ನು ಗುಡುಗಿದರು. "ರೀ, ಇನ್ನೂ ಜೋರಾಗಿ!" ಎಂದದ್ದನ್ನೂ ಗುಡುಗಿದರು. ಜನರೆಲ್ಲ ಗೊಳ್ಳೆಂದರು. ತಾವೂ ನಕ್ಕಿರಿ, ನಾನು ನೋಡಿದೆ. ಕೊನೆಗೆ, ಸೋಮವಾರದ ಅಂತಿಮ ವಿಚಾರಣೆಯವರೆಗೆ ಫೀಬಿ ತಾಯಿಯ ಬಳಿಯೇ ಇರಲಿ ಎಂದು ಆದೇಶಿಸಿ, "ಇಷ್ಟು ಚೆನ್ನಾದ ವಾದ ಕೇಳಿ ಬಹಳ ವರ್ಷ ಆಗಿತ್ತು, ಪ್ರೂಯಿಟ್ ಅವರೇ" ಎಂದು ಅವರ ಕೈ ಕುಲುಕಿದಿರಿ. ಅವರು ಗಾಬರಿಯಿಂದ ನನ್ನ ಕಡೆ ತಿರುಗಿದರು. "ಥ್ಯಾಂಕ್ಸ್ ಹೇಳ್ರೀ" ಎಂದೆ. "ಥ್ಯಾಂಕ್ಸ್ ಹೇಳ್ರೀ" ಎಂದುಬಿಟ್ಟರು ತಮಗೆ! ನನಗಾದ ಸಂತೋಷಕ್ಕೆ ಅಲ್ಲೇ ಕುಣಿಯಬೇಕೆನಿಸಿತು.

ಈಗ ಫಜೀತಿ ಕೇಳಿ. ಗುಡುಗಿ ಗುಡುಗಿ ಆಂಬ್ರೋಸ್ ಗಂಟಲು ಕಟ್ಟಿಹೋಗಿದೆ. ಮೂರು ದಿನದಿಂದ ಕೈಸನ್ನೆಯಲ್ಲೇ ಬನ್ನು ಮಾರುತ್ತಿದ್ದಾರೆ. ಸೋಮವಾರ ಯಾರೂ ವಾದಿಸದಿದ್ದರೆ ಫೀಬಿ ಚಿಕ್ಕಪ್ಪನ ಪಾಲು. ಆ ಮಗು ನಿನ್ನೆ ಅಂಗಡಿಗೆ ಬಂದು, "ನಾನು ಅಮ್ಮನ ಹತ್ರಾನೇ ಇರ್ತೀನಲ್ವಾ?" ಎಂದು ಕೇಳಿದ್ದು ಸನ್ನದು ಪಡೆದ ವಕೀಲರನ್ನಲ್ಲ, ನನ್ನನ್ನು. ಆರು ವರ್ಷದ ಕೂಸಿಗೆ ಗೊತ್ತಿರುವುದು ತಮ್ಮ ಪೀಠಕ್ಕೆ ಗೊತ್ತಿಲ್ಲವೇ?

ಆದ್ದರಿಂದ ಸೋಮವಾರದೊಳಗೆ ನನ್ನ ಹೆಸರಿಗೆ ಸನ್ನದು ಕೊಡಿ. ಕೊಡದಿದ್ದರೂ ಹತ್ತು ಗಂಟೆಗೆ ಸರಿಯಾಗಿ ನಾನೇ ಎದ್ದು ನಿಲ್ಲುತ್ತೇನೆ, ಕೂರೆಂದರೆ ಕೂರುವುದಿಲ್ಲ. ನ್ಯಾಯಾಲಯಕ್ಕೆ ಅವಮಾನವಾಯಿತೆಂದು ಜೈಲಿಗೆ ಹಾಕುವುದಾದರೆ ಧಾರಾಳವಾಗಿ ಹಾಕಿ. ಆದರೆ ಆಗ ನನ್ನ ಪರ ವಾದಿಸಲು ಒಬ್ಬ ಗಂಡಸನ್ನು ತಾವೇ ಹುಡುಕಿಕೊಡಬೇಕು. ಮತ್ತು ಅವನನ್ನು ನನ್ನ ಪಕ್ಕದಲ್ಲೇ ನಿಲ್ಲಿಸಿ. ಏನು ಹೇಳಬೇಕೆಂದು ಅವನಿಗೂ ನಾನೇ ಹೇಳಿಕೊಡಬೇಕಲ್ಲ!

ಇಂತಿ,
ಇನ್ನೂ ಯಾರ ವಕೀಲೆಯೂ ಅಲ್ಲದ
ಲೊವೀಸಾ ಪ್ರೂಯಿಟ್